ಗೆದ್ದವನು ಸೋತ: ಜಿಂಬಾಬ್ವೆಯ ಒಂದು ಜಮೀನು ಖಟ್ಲೆ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಇತಿಹಾಸದ ವಿಷಯ ಬರೆದುಕೊಡಿ ಮೇಷ್ಟ್ರೇ ಅಂತ ಸಂಪಾದಕ ಮಂಡಳಿಯವರು ಕೇಳಿದರು. ಊರಿನ ಇತಿಹಾಸ, ದೇವಸ್ಥಾನದ ಇತಿಹಾಸ, ಸಂಘ ಬೆಳೆದು ಬಂದ ದಾರಿ ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಿದ್ದಾರೆ. ಹಾಗಾಗಿ ನಾನು ಬಹಳ ದೂರದ ಒಂದು ದೇಶದ ಕಥೆ ಹೇಳಬೇಕೆಂದಿದ್ದೇನೆ. ದೂರದ್ದು ಅಂತ ಪುಟ ತಿರುಗಿಸಿಬಿಡಬೇಡಿ. ನಮ್ಮ ಸಂಘದಲ್ಲಿ ಸಾಲ ಕೇಳಲು ಬಂದವರಿಗೆ ಕಾರ್ಯದರ್ಶಿಗಳು ಮೊದಲು ಕೇಳುವುದೇ ಪಹಣಿ. ಆ ಪಹಣಿಯನ್ನೇ ಸರ್ಕಾರ ಒಂದು ದಿನ ರದ್ದು ಮಾಡಿ, ಇದರ ಬಗ್ಗೆ ಯಾವ ಕೋರ್ಟಿಗೂ ಹೋಗುವಂತಿಲ್ಲ ಅಂದರೆ ಏನಾಗುತ್ತದೆ ಎಂಬುದೇ ಈ ಕಥೆ.

"ಕೋರ್ಟಿಗೆ ಹೋಗಿ ಗೆದ್ದವನು ಸೋತ, ಸೋತವನು ಸತ್ತ" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಜಿಂಬಾಬ್ವೆಯ ಈ ಖಟ್ಲೆಗೆ ಆ ಗಾದೆ ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಹೊಂದುತ್ತದೆ.

ಹಳೆಯ ಅನ್ಯಾಯ

ಜಿಂಬಾಬ್ವೆ ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ದೇಶ. ಮೊದಲು ಅದರ ಹೆಸರು ರೊಡೇಶಿಯಾ. ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂದ ಹಾಗೆ ಅಲ್ಲಿಗೆ 1890ರಲ್ಲಿ ಸೆಸಿಲ್ ರೋಡ್ಸ್ ಎಂಬ ಇಂಗ್ಲಿಷ್ ಸಾಹುಕಾರನ ಕಂಪನಿ ಬಂದೂಕುಧಾರಿಗಳ ಸಮೇತ ಬಂತು. ಬಂದವರು ಒಳ್ಳೊಳ್ಳೆ ಭೂಮಿ ನೋಡಿ ಬೇಲಿ ಹಾಕಿಕೊಂಡರು. 1930ರಲ್ಲಿ ಭೂಮಿ ಹಂಚಿಕೆ ಕಾಯಿದೆ ಎಂಬುದು ಅಂಗೀಕಾರವಾಯಿತು. ಬಿಳಿಯರು ಸುಮಾರು ಐವತ್ತು ಸಾವಿರ ಜನ, ಕರಿಯರು ಹತ್ತು ಲಕ್ಷದ ಆಸುಪಾಸು. ಆದರೂ ದೇಶದ ಹತ್ತಿರ ಹತ್ತಿರ ಅರ್ಧ ಭೂಮಿ ಬಿಳಿಯರಿಗೆ ಮೀಸಲಾಯಿತು. ತಲೆತಲಾಂತರದಿಂದ ಉಳುತ್ತಿದ್ದ ಮಂದಿಯನ್ನು ಎಬ್ಬಿಸಿ ಮರಳು ನೆಲಕ್ಕೆ, ಮಳೆ ಕಾಣದ ಜಾಗಕ್ಕೆ ಅಟ್ಟಿದರು. ಹೀಗೆ ಅಟ್ಟುವಾಗ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲವಾದರೆ ಮುಂದಿನ ಕಥೆಯಲ್ಲಿ ಒಂದು ಕಡೆಯ ಕಣ್ಣೀರು ಮಾತ್ರ ಕಾಣುತ್ತದೆ.

ದೀರ್ಘ ಹೋರಾಟದ ನಂತರ 1980ರ ಏಪ್ರಿಲ್ 18ರಂದು ದೇಶ ಸ್ವತಂತ್ರವಾಯಿತು. ಹಿಂದಿನ ವರ್ಷ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಆಗಿದ್ದ ಒಪ್ಪಂದದಂತೆ ಮೊದಲ ಹತ್ತು ವರ್ಷ ಬಿಳಿಯರ ಜಮೀನನ್ನು ಬಲವಂತವಾಗಿ ಕಿತ್ತುಕೊಳ್ಳುವ ಹಾಗಿರಲಿಲ್ಲ. ಮಾರುವವನು ಒಪ್ಪಿ ಮಾರಬೇಕು, ಕೊಳ್ಳುವವರು ಒಪ್ಪಿ ಕೊಳ್ಳಬೇಕು. ಬ್ರಿಟನ್ ಸ್ವಲ್ಪ ಹಣ ಕೊಟ್ಟಿತು, ಒಂದಿಷ್ಟು ಬಡವರಿಗೆ ಜಮೀನೂ ಸಿಕ್ಕಿತು. ಆದರೆ ಬಹುಪಾಲು ಒಳ್ಳೆಯ ಭೂಮಿ ನಾಲ್ಕೂವರೆ ಸಾವಿರದಷ್ಟು ಬಿಳಿ ರೈತರ ಕೈಯಲ್ಲೇ ಉಳಿಯಿತು. 1997ರಲ್ಲಿ ಬ್ರಿಟನ್ನಿನ ಹೊಸ ಸರ್ಕಾರ, ಜಮೀನು ಕೊಳ್ಳುವ ಖರ್ಚು ಹೊರುವ ವಿಶೇಷ ಹೊಣೆ ತನಗಿಲ್ಲ ಅಂತ ಕಾಗದ ಬರೆದು ಕೈ ತೊಳೆದುಕೊಂಡಿತು. ಕರಿಯ ರೈತನ ಹಸಿವು ಹಾಗೇ ಉಳಿಯಿತು.

ಹೊಸ ಕಾನೂನು

2000ದ ಫೆಬ್ರವರಿಯಲ್ಲಿ ಅಧ್ಯಕ್ಷ ರಾಬರ್ಟ್ ಮುಗಾಬೆಯವರ ಸರ್ಕಾರ ಹೊಸ ಸಂವಿಧಾನವೊಂದನ್ನು ಜನಮತಕ್ಕೆ ಇಟ್ಟು ಸೋತಿತು. ಅದರ ಬೆನ್ನಿಗೇ ಗುಂಪುಗಳು ಬಿಳಿಯರ ತೋಟಗಳಿಗೆ ನುಗ್ಗತೊಡಗಿದವು. ಇತ್ತ ನಮ್ಮೂರಿನಲ್ಲಿ ನಮ್ಮ ಸಂಘ ಕಣ್ಣು ಬಿಡುತ್ತಿದ್ದ ಕಾಲವೂ ಸುಮಾರು ಅದೇ. ಪೊಲೀಸರು ನೋಡಿಯೂ ನೋಡದಂತೆ ನಿಂತರು. ಕೋರ್ಟುಗಳು ಇದು ತಪ್ಪು ಅಂದರೆ ಸರ್ಕಾರ ಕಾನೂನನ್ನೇ ಬದಲಾಯಿಸಿತು.

ಕೊನೆಗೆ 2005ರ ಸೆಪ್ಟೆಂಬರಿನಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದರು. ಅದರಲ್ಲಿದ್ದದ್ದು ಮುಖ್ಯವಾಗಿ ಮೂರು ಮಾತು. ಮೊದಲನೆಯದು, ಗೆಜೆಟ್ಟಿನಲ್ಲಿ ಹೆಸರು ಪ್ರಕಟವಾದ ಜಮೀನಿನ ಪೂರ್ಣ ಹಕ್ಕು ಸರ್ಕಾರದ್ದು, ಹಳೆಯ ಹಕ್ಕುಪತ್ರಕ್ಕೆ ಬೆಲೆಯಿಲ್ಲ. ಎರಡನೆಯದು, ಭೂಮಿಗೆ ಪರಿಹಾರವಿಲ್ಲ, ಬಾವಿ, ಕಟ್ಟಡ, ಗಿಡಮರಗಳಂಥ ಸುಧಾರಣೆಗಳಿಗೆ ಮಾತ್ರ ಪರಿಹಾರ. ಮೂರನೆಯದೇ ಘೋರವಾದದ್ದು: ಜಮೀನು ತೆಗೆದುಕೊಂಡದ್ದು ಸರಿಯೋ ತಪ್ಪೋ ಅಂತ ಯಾವ ಕೋರ್ಟಿನಲ್ಲೂ ಕೇಳುವಂತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತೇವಲ್ಲ, ಇಲ್ಲಿ ಬೇಲಿ ಮೇಯ್ದದ್ದು ಮಾತ್ರವಲ್ಲ, ಮೇಯ್ದದ್ದನ್ನು ಕೇಳಬಾರದು ಅಂತ ಬೋರ್ಡನ್ನೂ ನೆಟ್ಟಿತು.

ಹರಾರೆ ನಗರದಿಂದ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಚೆಗುಟು ಎಂಬ ಜಿಲ್ಲೆಯಿದೆ. ಅಲ್ಲಿ ಮೈಕ್ ಕ್ಯಾಂಪ್‌ಬೆಲ್ ಎಂಬ ವಯಸ್ಸಾದ ಬಿಳಿ ರೈತನಿದ್ದ. ಮೌಂಟ್ ಕಾರ್ಮೆಲ್ ಅಂತ ಅವನ ತೋಟದ ಹೆಸರು. ಮಾವು, ಕಿತ್ತಳೆ ಜಾತಿಯ ಹಣ್ಣು ಬೆಳೆಯುತ್ತಿದ್ದ. 1999ರಲ್ಲಿ ಆ ತೋಟದ ಪೂರ್ಣ ಹಕ್ಕು ವರ್ಗವಾಗುವಾಗ, ಈ ಭೂಮಿ ತನಗೆ ಬೇಕಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿತ್ತು. ಎರಡೇ ವರ್ಷಕ್ಕೆ ಅದೇ ಸರ್ಕಾರದಿಂದ ಸ್ವಾಧೀನದ ನೋಟಿಸು ಬಂತು. ಕ್ಯಾಂಪ್‌ಬೆಲ್ ಮತ್ತು ಅವನ ಅಳಿಯ ಬೆನ್ ಫ್ರೀತ್ ಮೊದಲು ತಮ್ಮ ದೇಶದ ಕೋರ್ಟುಗಳಲ್ಲೇ ಹೊಡೆದಾಡಿದರು. 17ನೇ ತಿದ್ದುಪಡಿಯನ್ನು ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ತೀರ್ಪು ಬರಲಿಲ್ಲ. ತಿಂಗಳು ಕಳೆಯಿತು, ವರ್ಷ ಕಳೆಯಿತು.

ವಿಂಡ್‌ಹುಕ್‌ನ ನ್ಯಾಯಮಂಡಳಿ

ಆಗ ಅವರ ವಕೀಲರು ಹೊಸ ದಾರಿಯೊಂದನ್ನು ಕಂಡುಕೊಂಡರು. ಆಫ್ರಿಕಾದ ದಕ್ಷಿಣ ಭಾಗದ ದೇಶಗಳೆಲ್ಲ ಸೇರಿ 1992ರಲ್ಲಿ ಎಸ್.ಎ.ಡಿ.ಸಿ. ಎಂಬ ಅಭಿವೃದ್ಧಿ ಸಮುದಾಯ ಮಾಡಿಕೊಂಡಿದ್ದವು. ಇವತ್ತು ಅದರಲ್ಲಿ 16 ದೇಶಗಳಿವೆ. ಅದನ್ನು ದೇಶ ದೇಶಗಳ ಸಹಕಾರ ಸಂಘ ಅಂತ ತಿಳಿದುಕೊಂಡರೆ ನಮಗೆ ಸುಲಭ. ಅದಕ್ಕೂ ಬೈಲಾ ಇದೆ, ವಾರ್ಷಿಕ ಸಭೆ ಇದೆ. ಸದಸ್ಯ ದೇಶಗಳು ಮಾನವ ಹಕ್ಕು ಮತ್ತು ಕಾನೂನಿನ ಆಡಳಿತಕ್ಕೆ ಬದ್ಧವಾಗಿರಬೇಕು, ಜನಾಂಗ ನೋಡಿ ಭೇದ ಮಾಡಬಾರದು ಎಂದು ಆ ಒಪ್ಪಂದದಲ್ಲೇ ಬರೆದಿದೆ. ತಕರಾರು ಬಂದರೆ ತೀರ್ಮಾನಿಸಲು ನಮೀಬಿಯಾ ದೇಶದ ವಿಂಡ್‌ಹುಕ್ ನಗರದಲ್ಲಿ ಒಂದು ನ್ಯಾಯಮಂಡಳಿಯನ್ನೂ ಸ್ಥಾಪಿಸಿದ್ದರು. 2005ರಲ್ಲಿ ನ್ಯಾಯಾಧೀಶರು ಪ್ರಮಾಣ ಸ್ವೀಕರಿಸಿದ್ದರು. ಅಲ್ಲಿಯವರೆಗೆ ಅದರ ಬಾಗಿಲು ತಟ್ಟಿದವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

2007ರ ಅಕ್ಟೋಬರ್ 11ರಂದು ಕ್ಯಾಂಪ್‌ಬೆಲ್ ಅಲ್ಲಿ ಅರ್ಜಿ ಹಾಕಿದ. ಡಿಸೆಂಬರ್ 13ರಂದು, ವಿಚಾರಣೆ ಮುಗಿಯುವವರೆಗೆ ಅವನನ್ನು ತೋಟದಿಂದ ಎಬ್ಬಿಸಕೂಡದು ಅಂತ ತಡೆಯಾಜ್ಞೆ ಸಿಕ್ಕಿತು. ಮರುವರ್ಷದ ಜನವರಿಯಲ್ಲಿ ಅವನ ಸ್ವಂತ ದೇಶದ ಸುಪ್ರೀಂ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಸಂವಿಧಾನವೇ ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ನಾವೇನು ಮಾಡುವುದು ಅನ್ನುವುದು ಅದರ ಸಾರ. 2008ರ ಮಾರ್ಚಿನಲ್ಲಿ ಇನ್ನೂ 77 ಮಂದಿ ಅರ್ಜಿದಾರರು ವಿಂಡ್‌ಹುಕ್‌ನಲ್ಲಿ ಕ್ಯಾಂಪ್‌ಬೆಲ್‌ನ ಜೊತೆ ಸೇರಿಕೊಂಡರು.

ಇದರ ಬೆಲೆಯನ್ನು ಅವರು ಮೈಮೇಲೆ ತೆತ್ತರು. 2008ರ ಜೂನ್ 29ರಂದು, ಅಧ್ಯಕ್ಷರ ಚುನಾವಣೆ ಮುಗಿದ ಎರಡೇ ದಿನಕ್ಕೆ, ಒಂದು ಗುಂಪು ಕ್ಯಾಂಪ್‌ಬೆಲ್, ಅವನ ಹೆಂಡತಿ ಮತ್ತು ಅಳಿಯನನ್ನು ಹೊತ್ತೊಯ್ದು ಮೂಳೆ ಮುರಿಯುವಂತೆ ಹೊಡೆಯಿತು. ಖಟ್ಲೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಕಾಗದಕ್ಕೆ ಬಲವಂತದಿಂದ ಸಹಿ ಹಾಕಿಸಿಕೊಂಡಿತು. ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಮುಂದಿನ ತಿಂಗಳ ವಿಚಾರಣೆಗೆ ಅಳಿಯ ತಲೆಗೆ ಪಟ್ಟಿ ಕಟ್ಟಿಕೊಂಡೇ ಹಾಜರಾದ.

ತೀರ್ಪು ಏನು ಹೇಳಿತು

2008ರ ನವೆಂಬರ್ 28ರಂದು ಐದು ಮಂದಿ ನ್ಯಾಯಾಧೀಶರು ತೀರ್ಪು ಕೊಟ್ಟರು. ಮೊಜಾಂಬಿಕ್ ದೇಶದ ಲೂಯಿಸ್ ಮೊಂಡ್ಲಾನೆ ಅಧ್ಯಕ್ಷರಾಗಿದ್ದರು. ಅವರು ಬಿಳಿಯರ ಪಕ್ಷಪಾತಿಗಳು ಅಂತ ಯಾರೂ ಹೇಳಲಾಗದು, ಎಲ್ಲರೂ ಆಫ್ರಿಕಾದ ದೇಶಗಳೇ ಆರಿಸಿ ಕಳಿಸಿದ ನ್ಯಾಯಾಧೀಶರು.

ಜಿಂಬಾಬ್ವೆ ಸರ್ಕಾರದ ವಾದದಲ್ಲೂ ತೂಕವಿತ್ತು. ವಸಾಹತು ಕಾಲದ ಅನ್ಯಾಯ ಸರಿಪಡಿಸಲು ಭೂಸುಧಾರಣೆ ಮಾಡುತ್ತಿದ್ದೇವೆ, ದೊಡ್ಡ ಜಮೀನು ಬಿಳಿಯರ ಹತ್ತಿರವೇ ಇರುವುದರಿಂದ ಅವರಿಗೇ ತಟ್ಟುತ್ತದೆ, ಅದಕ್ಕೆ ನಾವೇನು ಮಾಡೋಣ? ಭೂಮಿಯ ಪರಿಹಾರವನ್ನು ಕೊಡಬೇಕಾದವರು ಕಿತ್ತುಕೊಂಡ ಬ್ರಿಟಿಷರು ತಾನೇ? ಹೀಗೆ ಅವರ ಮಾತು.

ನ್ಯಾಯಮಂಡಳಿ ಒಂದೊಂದನ್ನೇ ತೆಗೆದುಕೊಂಡು ಉತ್ತರಿಸಿತು. ಒಬ್ಬನ ಹಕ್ಕನ್ನು ಕಿತ್ತುಕೊಳ್ಳುವ ಮುನ್ನ ಅವನ ಮಾತನ್ನು ಕೇಳಲೇಬೇಕು, ಕೋರ್ಟಿನ ಬಾಗಿಲು ಮುಚ್ಚಿದ್ದು ಒಪ್ಪಂದದ ಉಲ್ಲಂಘನೆ ಅಂತ ಐವರೂ ಒಮ್ಮತದಿಂದ ಹೇಳಿದರು. ನ್ಯಾಯವಾದ ಪರಿಹಾರ ಕೊಡುವುದು ಜಮೀನು ತೆಗೆದುಕೊಂಡ ಸರ್ಕಾರದ ಹೊಣೆ ಎಂದರು. ಜನಾಂಗ ಭೇದ ನಡೆದಿದೆ ಎಂಬುದಕ್ಕೆ ನಾಲ್ವರು ಒಪ್ಪಿದರು, ಬೋಟ್ಸ್‌ವಾನಾದ ನ್ಯಾಯಾಧೀಶರೊಬ್ಬರು ಒಪ್ಪಲಿಲ್ಲ. ಆಗಲೇ ಜಮೀನು ಕಳೆದುಕೊಂಡಿದ್ದ ಮೂವರು ಅರ್ಜಿದಾರರಿಗೆ 2009ರ ಜೂನ್ 30ರೊಳಗೆ ಪರಿಹಾರ ಕೊಡಬೇಕು, ಉಳಿದವರನ್ನು ಮುಟ್ಟಬಾರದು ಅಂತ ಆಜ್ಞೆಯಾಯಿತು.

ಆ ತೀರ್ಪಿನಲ್ಲಿ ಒಂದು ಮಾತಿದೆ. ಅದನ್ನು ಬಹಳ ಜನ ಗಮನಿಸಿಲ್ಲ. ಜಮೀನು ಆರಿಸುವ ಕ್ರಮ ನ್ಯಾಯವಾಗಿದ್ದು, ತಕ್ಕ ಪರಿಹಾರ ಕೊಟ್ಟು, ತೆಗೆದ ಭೂಮಿ ನಿಜವಾಗಿ ಬಡವರಿಗೆ, ಭೂಹೀನರಿಗೆ ಹಂಚಿಕೆಯಾಗಿದ್ದರೆ ಇದನ್ನು ಜನಾಂಗ ಭೇದ ಅನ್ನುತ್ತಿರಲಿಲ್ಲ ಎಂಬುದೇ ಅದರ ತಾತ್ಪರ್ಯ. ಅಂದರೆ ತೀರ್ಪು ಭೂಸುಧಾರಣೆಯ ವಿರುದ್ಧ ಬರಲಿಲ್ಲ, ಅದನ್ನು ಮಾಡಿದ ರೀತಿಯ ವಿರುದ್ಧ ಬಂತು. ಎಷ್ಟೋ ಒಳ್ಳೆಯ ತೋಟಗಳು ಮಂತ್ರಿಗಳಿಗೆ, ಅಧಿಕಾರಿಗಳಿಗೆ, ಪಕ್ಷದವರಿಗೆ ಸೇರಿದ್ದು ಜಗಜ್ಜಾಹೀರು. ಆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ಲಕ್ಷಾಂತರ ಕರಿಯ ಕಾರ್ಮಿಕರಿಗೆ ಜಮೀನೂ ಇಲ್ಲ, ಕೂಲಿಯೂ ಇಲ್ಲ ಅಂತಾಯಿತು.

ಗೆದ್ದ ಮೇಲಿನ ಕಥೆ

ತೀರ್ಪೇನೋ ಬಂತು, ಜಾರಿ ಮಾಡುವವರು ಯಾರು? ನ್ಯಾಯಮಂಡಳಿಗೆ ತನ್ನದೇ ಪೊಲೀಸಿಲ್ಲ, ಅಮೀನನಿಲ್ಲ. ಸರ್ಕಾರ ತೀರ್ಪನ್ನು ಮಾನ್ಯ ಮಾಡುವುದಿಲ್ಲ ಅಂದಿತು. 2009ರ ಜೂನ್ ತಿಂಗಳಲ್ಲಿ ನ್ಯಾಯಮಂಡಳಿ, ಜಿಂಬಾಬ್ವೆ ಆಜ್ಞೆ ಮೀರಿದೆ ಅಂತ ಸಾರಿ ವಿಷಯವನ್ನು ಎಸ್.ಎ.ಡಿ.ಸಿ. ನಾಯಕರ ಮುಂದೆ ಇಟ್ಟಿತು. ಅದೇ ವರ್ಷ ಅಳಿಯನ ಮನೆ ಸುಟ್ಟು ಬೂದಿಯಾಯಿತು, ಕೆಲವೇ ದಿನದಲ್ಲಿ ಮಾವನ ಮನೆಯೂ ಸುಟ್ಟಿತು. ತೋಟ ಕೈಬಿಟ್ಟಿತು. ಏಟಿನ ನೋವಿನಿಂದ ಪೂರ್ತಿ ಚೇತರಿಸಿಕೊಳ್ಳದೆ ಮೈಕ್ ಕ್ಯಾಂಪ್‌ಬೆಲ್ 2011ರ ಏಪ್ರಿಲಿನಲ್ಲಿ ತೀರಿಕೊಂಡ.

ಅದಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ನ್ಯಾಯಮಂಡಳಿಗೆ. 2010ರ ಆಗಸ್ಟಿನಲ್ಲಿ ಸದಸ್ಯ ದೇಶಗಳ ನಾಯಕರು ಸಭೆ ಸೇರಿ, ಅದರ ಅಧಿಕಾರವನ್ನು ಪುನರ್ ಪರಿಶೀಲಿಸುತ್ತೇವೆ ಅಂತ ಕೆಲಸ ನಿಲ್ಲಿಸಿದರು. ಅವಧಿ ಮುಗಿದ ನ್ಯಾಯಾಧೀಶರ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. 2012ರಲ್ಲಿ, ಇನ್ನು ಮುಂದೆ ಇದು ದೇಶ ದೇಶಗಳ ನಡುವಿನ ತಕರಾರಿಗೆ ಮಾತ್ರ, ಸಾಮಾನ್ಯ ಪ್ರಜೆಗಳಿಗೆ ಪ್ರವೇಶವಿಲ್ಲ ಅಂತ ತೀರ್ಮಾನಿಸಿದರು. 2014ರಲ್ಲಿ ಅದಕ್ಕೆ ಹೊಸ ಕರಾರಿಗೆ ಸಹಿ ಬಿತ್ತು, ಅದೂ ಜಿಂಬಾಬ್ವೆಯ ನೆಲದಲ್ಲೇ, ವಿಕ್ಟೋರಿಯಾ ಜಲಪಾತದ ಊರಿನಲ್ಲಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಆಡಿಟ್ ವರದಿ ಒಬ್ಬ ಡೈರೆಕ್ಟರ್ ವಿರುದ್ಧ ಬಂತು ಅಂತ ಮಹಾಸಭೆ ಸೇರಿ ಆಡಿಟ್ಟನ್ನೇ ತೆಗೆದುಹಾಕಿದ ಹಾಗಾಯಿತು.

ಆದರೂ ತೀರ್ಪಿನ ಕಾಗದ ಪೂರ್ತಿ ಸಾಯಲಿಲ್ಲ. ರೈತರು ಅದನ್ನು ಹಿಡಿದು ಪಕ್ಕದ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿನ ಸಂವಿಧಾನ ನ್ಯಾಯಾಲಯ 2013ರ ಜೂನ್ 27ರಂದು, ನ್ಯಾಯಮಂಡಳಿ ಜಿಂಬಾಬ್ವೆಗೆ ಹಾಕಿದ್ದ ಕೋರ್ಟು ಖರ್ಚನ್ನು ನಮ್ಮ ದೇಶದಲ್ಲಿ ವಸೂಲು ಮಾಡಬಹುದು ಅಂದಿತು. ಅದರಂತೆ ಕೇಪ್‌ಟೌನ್ ನಗರದಲ್ಲಿದ್ದ ಜಿಂಬಾಬ್ವೆ ಸರ್ಕಾರದ ಒಂದು ಮನೆ 2015ರಲ್ಲಿ ಹರಾಜಾಯಿತು. ಒಂದು ಸರ್ಕಾರದ ಮನೆಯನ್ನು ರೈತರ ಬಾಕಿಗೆ ಹರಾಜು ಹಾಕಿದ್ದು ಸಣ್ಣ ಮಾತಲ್ಲ. 2018ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ನ್ಯಾಯಮಂಡಳಿಯನ್ನು ಪ್ರಜೆಗಳಿಂದ ದೂರ ಮಾಡುವ ಕರಾರಿಗೆ ತಮ್ಮ ಅಧ್ಯಕ್ಷರು ಸಹಿ ಹಾಕಿದ್ದೇ ಸಂವಿಧಾನಬಾಹಿರ, ಸಹಿ ವಾಪಸ್ ತೆಗೆಯಿರಿ ಅಂದಿತು. ಇಷ್ಟಾದರೂ ಕ್ಯಾಂಪ್‌ಬೆಲ್ ಕುಟುಂಬಕ್ಕೆ ತೋಟ ಸಿಗಲಿಲ್ಲ.

ಹೊಸ ಮಾಲೀಕರ ಗತಿ

ಇನ್ನು ಜಮೀನು ಪಡೆದವರು ಸುಖವಾಗಿದ್ದರೇ? ಇದು ನಮ್ಮಂಥ ಸಹಕಾರ ಸಂಘದವರು ಗಮನವಿಟ್ಟು ನೋಡಬೇಕಾದ ಭಾಗ. ಎಲ್ಲ ಭೂಮಿಯ ಹಕ್ಕು ಸರ್ಕಾರದ ಕೈಗೆ ಹೋದ ಮೇಲೆ ಹೊಸ ರೈತರ ಕೈಗೆ ಸಿಕ್ಕಿದ್ದು ಅನುಮತಿ ಪತ್ರ. ದೊಡ್ಡ ಹಿಡುವಳಿಯವರಲ್ಲಿ ಕೆಲವರಿಗೆ 2006ರಿಂದ 99 ವರ್ಷದ ಗುತ್ತಿಗೆ ಪತ್ರ. ಬ್ಯಾಂಕಿಗೆ ಹೋದರೆ, ಇದನ್ನು ಅಡವಿಟ್ಟುಕೊಂಡು ಸಾಲ ಕೊಡುವುದಿಲ್ಲ ಅಂದರು. ಒಬ್ಬನ ಹಕ್ಕುಪತ್ರವನ್ನು ಒಂದೇ ಏಟಿಗೆ ರದ್ದು ಮಾಡಿದ ಸರ್ಕಾರ ನಾಳೆ ಇನ್ನೊಬ್ಬನದನ್ನೂ ರದ್ದು ಮಾಡಬಹುದು ಎಂಬ ಅನುಮಾನ ಇರುವಾಗ ಯಾರು ತಾನೇ ಸಾಲ ಕೊಟ್ಟಾರು? ಬೀಜಕ್ಕೆ, ಗೊಬ್ಬರಕ್ಕೆ ಸರ್ಕಾರದ ಮುಖ ನೋಡುವ ಹಾಗಾಯಿತು. ಕಷ್ಟಪಟ್ಟು ದುಡಿದು ತಂಬಾಕು, ಜೋಳ ಬೆಳೆದು ಮೇಲೆ ಬಂದ ಸಣ್ಣ ರೈತರೂ ಇದ್ದಾರೆ, ಅವರನ್ನು ಮರೆಯಬಾರದು. ಆದರೆ ಅವರ ಕಾಲ ಕೆಳಗಿನ ನೆಲ ಕಾಗದದಲ್ಲಿ ಅವರದಾಗಿರಲಿಲ್ಲ.

ಕೊನೆಗೆ ಸರ್ಕಾರವೇ ಹಿಂದೆ ತಿರುಗಿ ನೋಡಬೇಕಾಯಿತು. 2020ರ ಜುಲೈನಲ್ಲಿ, ಸುಧಾರಣೆಗಳ ಬಾಬ್ತು ಹಳೆಯ ಬಿಳಿ ರೈತರಿಗೆ 350 ಕೋಟಿ ಅಮೆರಿಕನ್ ಡಾಲರ್ ಕೊಡುತ್ತೇವೆ ಅಂತ ಒಪ್ಪಂದ ಬರೆಯಿತು. ಅಷ್ಟು ಹಣ ಖಜಾನೆಯಲ್ಲಿರಲಿಲ್ಲ. 2025ರಲ್ಲಿ ಒಂದು ಸಣ್ಣ ಕಂತು ಬಿಡುಗಡೆಯಾಯಿತು. 2024ರ ಕೊನೆಗೆ ಹೊಸ ರೈತರಿಗೆ ಮಾರಬಹುದಾದ, ಅಡವಿಡಬಹುದಾದ ಹಕ್ಕುಪತ್ರ ಕೊಡುವ ಯೋಜನೆಯನ್ನೂ ಶುರು ಮಾಡಿತು. ಹಕ್ಕುಪತ್ರ ಹರಿದು ಹಾಕಿದ ಕೈಯೇ ಹಕ್ಕುಪತ್ರ ಬರೆಯಲು ಕೂತಿತು.

ನಮ್ಮ ಕಡೆಯ ಎರಡು ಮಾತು

ಈ ಕಥೆ ಓದಿದಾಗೆಲ್ಲ ನನಗೆ ನಮ್ಮ ತಂದೆಯ ನೆನಪಾಗುತ್ತದೆ. ನಮ್ಮದು ಗೇಣಿ ಒಕ್ಕಲು. 1974ರ ಮಾರ್ಚ್ 1ರಿಂದ ನಮ್ಮ ರಾಜ್ಯದಲ್ಲಿ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು, ಉಳುವವನು ಅರ್ಜಿ ಹಾಕಿ ಹಕ್ಕು ಪಡೆಯಬೇಕಿತ್ತು. ತಂದೆ ಫಾರಂ ನಂಬರ್ 7 ತುಂಬಿಸಿ ಕೊಟ್ಟರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಭೂ ನ್ಯಾಯಮಂಡಳಿಯ ದಿನ ತಾಲ್ಲೂಕು ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಜಮೀನಿನ ಒಡತಿ ಗಂಡ ತೀರಿಕೊಂಡ ಮುದುಕಿ. ಅವರನ್ನೂ ಕರೆಸಿದ್ದರು. "ನಮಗೂ ಇದೇ ಹೊಟ್ಟೆಪಾಡು ಸ್ವಾಮಿ" ಅಂತ ಅವರು ಹೇಳಿದ್ದನ್ನು ಗುಮಾಸ್ತರು ಬರೆದುಕೊಂಡರು. ನಮ್ಮ ಕಡೆಗೆ ಆದೇಶವಾಯಿತು. ಆಕೆಯ ಮಗ ಹೈಕೋರ್ಟಿಗೆ ರಿಟ್ ಹಾಕಿದ. ಮತ್ತೆ ವಿಚಾರಣೆಗೆ ವಾಪಸ್ ಬಂತು. ಅಂತೂ ಆರು ವರ್ಷ ಓಡಾಟ. ಸೋತ ಮೇಲೆ ಅವರಿಗೆ ಸರ್ಕಾರ ಗೊತ್ತುಪಡಿಸಿದ ಹಣ ಕಂತಿನಲ್ಲಿ ಬಂತು. ಕಡಿಮೆ ಅಂತ ಅವರಿಗೆ ಸಂಕಟವಿತ್ತು, ಅದು ಸುಳ್ಳಲ್ಲ.

ಆಗ ತಂದೆ ಬೈಯುತ್ತಿದ್ದರು, "ಆ ಅಮ್ಮನ ಮಾತು ಇನ್ನೆಷ್ಟು ಸಲ ಕೇಳ್ತಾರೋ" ಅಂತ. ಆದರೆ ಅಷ್ಟು ಸಲ ಕೇಳಿದ್ದರಿಂದಲೇ ನಮ್ಮ ಪಹಣಿ ಗಟ್ಟಿಯಾಯಿತು. ಆಮೇಲೆ ಇವತ್ತಿನವರೆಗೆ ಅದನ್ನು ಯಾರೂ ಅಲ್ಲಾಡಿಸಿಲ್ಲ. ಆ ಅಮ್ಮನ ಮೊಮ್ಮಕ್ಕಳು ನಮ್ಮ ಮನೆಯ ಮದುವೆಗೆ ಬಂದು ಉಂಡು ಹೋಗಿದ್ದಾರೆ. ಸಂಘ ಶುರುವಾದ ಎರಡನೇ ವರ್ಷ ಅದೇ ಪಹಣಿ ತೋರಿಸಿ ತಂದೆ ಬೋರ್‌ವೆಲ್ ಸಾಲ ತೆಗೆದರು, ತೀರಿಸಿದರು.

ಇನ್ನೊಂದು ನೆನಪು. ಕಾಸರಗೋಡು ತಾಲ್ಲೂಕಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುತ್ತದೆಂದು ಸುಪ್ರೀಂ ಕೋರ್ಟಿಗೆ ಹೋಗಿದ್ದು ನಮ್ಮಲ್ಲಿ ಬಹಳ ಜನ ಬಲ್ಲರು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಮಠಕ್ಕೆ ಜಮೀನು ಉಳಿಯಲಿಲ್ಲ. ಆದರೆ ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ತಿದ್ದುಪಡಿ ಮಾಡಿಯೂ ಕೆಡಿಸುವಂತಿಲ್ಲ ಎಂಬ ತತ್ವ ದೇಶಕ್ಕೆ ಉಳಿಯಿತು. ಇಂಥ ಕಾನೂನನ್ನು ಕೋರ್ಟು ಪ್ರಶ್ನಿಸಕೂಡದು ಅಂತ ತಿದ್ದುಪಡಿಯಲ್ಲಿ ಸೇರಿಸಿದ್ದ ಮಾತನ್ನು ಆ ಪೀಠ ಹೊಡೆದುಹಾಕಿತು. ಜಿಂಬಾಬ್ವೆಯ ರೈತನಿಗೆ ತನ್ನ ದೇಶದಲ್ಲಿ ಸಿಗದೆ ಹೋದದ್ದು ಇದೇ.

ಭೂಮಿ ಹಂಚಬಾರದು ಅಂತ ನಾನು ಹೇಳುತ್ತಿಲ್ಲ. ಹಂಚಿದ್ದರಿಂದಲೇ ನಾನು ಓದಿ ಮೇಷ್ಟ್ರಾದೆ. ಆದರೆ ಎದುರಿನವನ ಮಾತು ಕೇಳಿ ಕೊಟ್ಟ ಹಕ್ಕೇ ಗಟ್ಟಿ ಹಕ್ಕು. 1930ರಲ್ಲಿ ಬಿಳಿಯರು ಕೇಳದೆ ಕಿತ್ತುಕೊಂಡರು, 2005ರಲ್ಲಿ ಸರ್ಕಾರ ಕೇಳದೆ ಕಿತ್ತುಕೊಂಡಿತು. ಎರಡು ಸಲವೂ ಆ ನೆಲದಲ್ಲಿ ನೆಮ್ಮದಿ ಬೆಳೆಯಲಿಲ್ಲ.

ಸದಸ್ಯರಲ್ಲಿ ನನ್ನದೊಂದು ವಿನಂತಿ. ಜಮೀನಿನ ಬಗ್ಗೆ ಯಾವುದೇ ನೋಟಿಸು ಬಂದರೆ ಹೆದರಿ ಮಡಚಿ ಟ್ರಂಕಿನಲ್ಲಿ ಇಡಬೇಡಿ. ಗಡುವಿನೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಮ್ಯುಟೇಶನ್ ಪ್ರತಿ, ಕಂದಾಯ ರಸೀದಿ, ಹಳೆಯ ಆದೇಶಗಳನ್ನು ಜೋಪಾನ ಮಾಡಿ. ಖಾತೆ ಬದಲಾವಣೆಯಲ್ಲಿ ತಪ್ಪಾಗಿದ್ದರೆ ಎ.ಸಿ. ಸಾಹೇಬರ ಹತ್ತಿರ ಅಪೀಲು ಹಾಕುವ ದಾರಿಯಿದೆ. ನಿಮ್ಮ ಎದುರಾಳಿಯೂ ಅದೇ ಬಾಗಿಲಿಗೆ ಬಂದರೆ ಸಿಟ್ಟಾಗಬೇಡಿ. ಆ ಬಾಗಿಲು ಅವನಿಗೂ ತೆರೆದಿದ್ದರೆ ಮಾತ್ರ ನಾಳೆ ನಿಮಗೂ ತೆರೆದಿರುತ್ತದೆ.

ಬರೆದದ್ದರಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು. ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಗ್ರಾಮದೇವತೆಯಲ್ಲಿ ಪ್ರಾರ್ಥಿಸುತ್ತೇನೆ.